ರಸ್ತೆ ಪರದೆಯ ಮುಂದಿನ ನಗು

ಹಾಸ್ಯನಟ ರಾಜು ತಾಳಿಕೋಟೆ 2025ರ ಅಕ್ಟೋಬರ್ 13ರಂದು ತೀರಿಕೊಂಡರು. ಆಗ ಅವರು ಧಾರವಾಡ ರಂಗಾಯಣದ ನಿರ್ದೇಶಕರು. ಆ ವಾರ ನಾನು ಓದಿದ, ಕೇಳಿದ ಶ್ರದ್ಧಾಂಜಲಿಗಳಲ್ಲಿ ಪ್ರೀತಿಗೇನೂ ಕೊರತೆ ಇರಲಿಲ್ಲ. ಆದರೆ ಬಹಳಷ್ಟು ಮಂದಿ ಹೊಗಳುವ ಮೊದಲು ಅವರ ಪರವಾಗಿ ಕ್ಷಮೆ ಕೇಳಿದರು. ದ್ವಂದ್ವಾರ್ಥದ ಮಾತು ಆಡಿದರೂ ದೊಡ್ಡ ನಟ, ಜಾತ್ರೆಯ ತಗಡಿನ ಥಿಯೇಟರಿನಿಂದ ಬಂದರೂ ರಂಗಾಯಣದ ಖುರ್ಚಿಯವರೆಗೆ ಏರಿದವರು ಎಂಬ ಧಾಟಿ. ಈ ಧಾಟಿ ನನಗೆ ಒಪ್ಪಿಗೆಯಿಲ್ಲ. ಖಾಸ್ಗತೇಶ್ವರ ನಾಟ್ಯ ಸಂಘದ ಪರದೆಯ ಹಿಂದೆ ಬೆಳೆದು, ‘ಕಲಿಯುಗದ ಕುಡುಕ’ನಾಗಿ ಕ್ಯಾಸೆಟ್ಟುಗಳಲ್ಲಿ ಉತ್ತರ ಕರ್ನಾಟಕದ ಮನೆಮನೆ ಹೊಕ್ಕ ಆ ಮನುಷ್ಯ ದೊಡ್ಡ ನಟನಾದದ್ದು ಜಾತ್ರೆಯ ಹಾಸ್ಯದಿಂದಲೇ. ಅದನ್ನು ದಾಟಿ ಬಂದು ದೊಡ್ಡವರಾಗಬೇಕಾದ ಪ್ರಮೇಯ ಅವರಿಗಿರಲಿಲ್ಲ. ಹುಬ್ಬಳ್ಳಿ-ಧಾರವಾಡದ ವಿಮರ್ಶೆ ಇಷ್ಟು ವರ್ಷ ಈ ಹಾಸ್ಯವನ್ನು ನೋಡದೆಯೇ ತೀರ್ಪು ಕೊಟ್ಟಿದೆ. ನೋಡಿದವರ ಪರವಾಗಿ ಈ ಬರಹ.

ಕಂಪನಿ ನಾಟಕದ ಚರಿತ್ರೆ ಓದುಗರಿಗೆ ಹೊಸದಲ್ಲ. ಗದುಗಿನ ಶಾಂತಕವಿಗಳು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು, ಕಂದಗಲ್ಲ ಹನುಮಂತರಾಯರು, ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರು: ಈ ಸಾಲನ್ನು ಮತ್ತೆ ಹೆಣೆಯುವುದಿಲ್ಲ. ನನ್ನ ಮಾತು ಆ ಪರಂಪರೆಯ ಬಾಲಕ್ಕೆ ಅಂಟಿದ, ಯಾವ ಅಭಿನಂದನ ಗ್ರಂಥದಲ್ಲೂ ಅಧ್ಯಾಯ ಪಡೆಯದ ಭಾಗದ ಬಗ್ಗೆ. ಬಾದಾಮಿಯ ಬನಶಂಕರಿ ಜಾತ್ರೆಗೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆ ಜಾತ್ರೆಗೆ, ಹುಬ್ಬಳ್ಳಿಯಲ್ಲಿ ಕ್ಯಾಂಪ್ ಹಾಕಿದ ದಿನಗಳಿಗೆ ಎಂದು ಕಟ್ಟಿದ ಪೋಲಿ ನಾಟಕಗಳು. ಏಳೆಂಟು ಜನ ಸೇರಿ ಆಡುವ, ಯಾರೂ ನಾಯಕರಲ್ಲದ ಹಾಸ್ಯ. ಹಬ್ಬದ ದಿನವೇ ಇಂಥದ್ದು ಬೇಕೆಂದು ಜನ ಕೇಳುತ್ತಾರೆ. ಮಗಳು, ಅಳಿಯ, ಅತ್ತೆ, ಮೊಮ್ಮಕ್ಕಳ ಸಮೇತ ಬಂದು ಕೂಡುತ್ತಾರೆ. ಮನೆಯೊಳಗೆ ಒಬ್ಬರ ಮುಂದೆ ಒಬ್ಬರು ಆಡದ ಮಾತಿಗೆ ಅಲ್ಲಿ ಒಟ್ಟಿಗೆ ನಗುತ್ತಾರೆ. ಇದರ ಸೆಳೆತ ಎಲ್ಲಿದೆ?

ಉತ್ತರ ಹುಡುಕಲು ಮೊದಲು ರಂಗದ ರಚನೆ ನೋಡಬೇಕು. ಪಾರ್ಸಿ ರಂಗಭೂಮಿಯಿಂದ ಬಂದ ಪದ್ಧತಿಯಂತೆ ಕಂಪನಿ ನಾಟಕದಲ್ಲಿ ಆಳದ ದೃಶ್ಯವೊಂದು, ತೆಳುವಾದ ದೃಶ್ಯವೊಂದು ಸರದಿಯಲ್ಲಿ ಬರುತ್ತವೆ. ದರಬಾರು, ಗೌಡನ ಪಡಸಾಲೆ, ಕೋರ್ಟು ಇವಕ್ಕೆಲ್ಲ ರಂಗದ ಪೂರ್ತಿ ಆಳ ಬೇಕು. ಆ ಸಾಮಾನು ಜೋಡಿಸುವಾಗ ಮುಂದೆ ಒಂದು ಪರದೆ ಇಳಿಯುತ್ತದೆ. ಅದರ ಮೇಲೆ ಬೀದಿಯ ಚಿತ್ರ. ಅದೇ ರಸ್ತೆ ಪರದೆ. ಅದರ ಮುಂದೆ ಉಳಿಯುವುದು ಎಂಟ್ಹತ್ತು ಅಡಿ ಜಾಗ. ಹಾಸ್ಯದವರಿಗೆ ಸಿಗುವುದು ಅಷ್ಟೇ. ಕೂಡಲು ಕುರ್ಚಿಯಿಲ್ಲ, ಮರೆಯಾಗಲು ಬಾಗಿಲಿಲ್ಲ. ಎಲ್ಲರೂ ಸಾಲಾಗಿ, ಜನರಿಗೆ ಮುಖ ಮಾಡಿ ನಿಲ್ಲಬೇಕು. ಹಿಂದೆ ಬಡಗಿಯ ಸುತ್ತಿಗೆ ಸದ್ದು. ದೃಶ್ಯ ಎಷ್ಟು ಹೊತ್ತು ಎಂದು ಯಾರಿಗೂ ಗೊತ್ತಿಲ್ಲ. ಒಳಗೆ ಸೆಟ್ಟು ಸಿದ್ಧವಾಗಿ ಸನ್ನೆ ಬರುವತನಕ ಎಳೆಯಬೇಕು, ಬಂದ ಕೂಡಲೇ ಮುಗಿಸಬೇಕು. ಐದು ನಿಮಿಷವೂ ಆದೀತು, ಇಪ್ಪತ್ತೂ ಆದೀತು. ಬರೆದ ಸಂಭಾಷಣೆ ಇಲ್ಲಿ ಸಾಲುವುದಿಲ್ಲ. ಎದುರಿಗಿರುವವನ ಉಸಿರು ಗೊತ್ತಿರಬೇಕು.

ಜಾತ್ರೆಯ ನಾಟಕಗಳಲ್ಲಿ ಬೇರೆ ಬೇರೆ ವೇಷ ತೊಟ್ಟು ಬರುವ ಒಂದು ದೃಶ್ಯದ ಮಾದರಿ ಹೀಗಿದೆ. ವಯಸ್ಸಾದ ಗೌಡನ ಬೋರ್‌ವೆಲ್ ಕೆಟ್ಟಿದೆ. ಎರಡನೆಯ ಸಂಬಂಧದಿಂದ ಬಂದ ಹರೆಯದ ಹೆಂಡತಿ ಪಕ್ಕದಲ್ಲಿದ್ದಾಳೆ. ಮೋಟರ್ ರಿಪೇರಿಯ ಹುಡುಗ ಬರುತ್ತಾನೆ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಆಳು ಒಂದು ಬದಿಗೆ. ಗೌಡ ಮಾತಾಡುವುದೆಲ್ಲ ಪಂಪ್‌ಸೆಟ್ಟಿನ ಬಗ್ಗೆ: ಎಷ್ಟು ವರ್ಷ ಹಳೆಯದು, ಮೊದಲು ಹೇಗೆ ಓಡುತ್ತಿತ್ತು, ಈಗ ಚಾಲೂ ಮಾಡಿದರೆ ಬರೀ ಸದ್ದು. ಹೆಂಡತಿ ಮಾತಾಡುವುದೆಲ್ಲ ಹೊಲದ ಬಗ್ಗೆ. ರಿಪೇರಿಯವನು ತನ್ನ ಕಸುಬಿನ ಪ್ರಶ್ನೆಗಳನ್ನಷ್ಟೇ ಕೇಳುತ್ತಾನೆ. ಒಂದೇ ಒಂದು ಕೆಟ್ಟ ಶಬ್ದ ಯಾರ ಬಾಯಿಂದಲೂ ಬರುವುದಿಲ್ಲ. ಥಿಯೇಟರು ನಗುವಿನಿಂದ ಒಡೆಯುತ್ತದೆ.

ಈ ನಾಲ್ವರನ್ನು ಒಬ್ಬೊಬ್ಬರಾಗಿ ನೋಡೋಣ, ಏಕೆಂದರೆ ಕಲೆ ಇರುವುದು ಅವರ ನಡುವಿನ ಹಂಚಿಕೆಯಲ್ಲಿ. ಗೌಡನಿಗೆ ಎರಡನೆಯ ಅರ್ಥ ಗೊತ್ತೇ ಇಲ್ಲ. ಹೆಂಡತಿಗೆ ಎರಡೂ ಗೊತ್ತು, ಆದರೆ ಅವಳು ಗಂಡನ ಮರ್ಯಾದೆ ಕಾಯುತ್ತಲೇ ತನ್ನ ದೂರು ಹೇಳಬೇಕು. ಹುಡುಗನಿಗೂ ಎರಡೂ ಗೊತ್ತು, ಗೊತ್ತಿಲ್ಲದ ಹಾಗೆ ನಿಂತಿದ್ದಾನೆ. ಆಳು ಮಾತಾಡುವುದೇ ಇಲ್ಲ. ಎರಡನೆಯ ಅರ್ಥ ಹೊಳೆದಾಗ ಟವೆಲ್ಲಿನ ತುದಿ ಬಾಯಿಗೆ ತುರುಕಿಕೊಂಡು ಜನರ ಕಡೆ ನೋಡುತ್ತಾನೆ. ನನ್ನ ದೃಷ್ಟಿಯಲ್ಲಿ ದೃಶ್ಯದ ಯಜಮಾನ ಅವನೇ. ಅವನ ನೋಟ ಪ್ರೇಕ್ಷಕರಿಗೆ ಅಪ್ಪಣೆ ಕೊಡುತ್ತದೆ: ನಿಮಗೆ ಹೊಳೆದದ್ದೇ ನನಗೂ ಹೊಳೆಯಿತು, ನೀವು ಒಬ್ಬರೇ ಅಲ್ಲ. ಹಿಂದಿನ ಸಾಲಿನ ಮುದುಕಿಗೂ ಮುಂದಿನ ಸಾಲಿನ ಕಾಲೇಜು ಹುಡುಗಿಗೂ ನಾಚಿಕೆ ಕಳೆಯುವುದು ಆ ಗಳಿಗೆಯಲ್ಲಿ. ಪೋಲಿ ಮಾತನ್ನು ಪೂರ್ತಿ ಮಾಡಿದವರು ಪ್ರೇಕ್ಷಕರು. ರಂಗದ ಮೇಲಿನವರು ಬೋರ್‌ವೆಲ್ ಬಗ್ಗೆ ಮಾತಾಡಿದ್ದಾರೆ ಅಷ್ಟೇ. ಹೀಗಾಗಿ ಆ ಮಾತಿಗೆ ಇಡೀ ಸಭೆ ಹೊಣೆ. ಜನ ಹಣ ಕೊಟ್ಟು ಬರುವುದು ಈ ಸಹಭಾಗಿತ್ವಕ್ಕೆ.

ಇಲ್ಲಿ ವಾದ್ಯದವರ ಪಾತ್ರವೂ ದೊಡ್ಡದು. ಹಳೆಯ ಕಾಲು ಹಾರ್ಮೋನಿಯಂ ಮಾಸ್ತರರು ನಗುವಿನ ಮೊದಲು ಎಂದೂ ಕೈ ಆಡಿಸುತ್ತಿರಲಿಲ್ಲ. ಮಾತು ಬಿತ್ತು, ಮೌನ, ಟವೆಲ್ಲು, ನಗು, ಆಮೇಲೆ ತಬಲಾದ ಒಂದು ಪೆಟ್ಟು. ಇಂದು ರಿದಂ ಪ್ಯಾಡಿನವರು ಮಾತು ಮುಗಿಯುವ ಮೊದಲೇ ಬಡಿಯುತ್ತಾರೆ, ನಗಿರಿ ಎಂದು ಹುಕುಂ ಮಾಡಿದ ಹಾಗೆ. ಹೊಳೆಯುವುದಕ್ಕೆ ಬೇಕಾದ ಅರೆಕ್ಷಣವನ್ನೇ ಅದು ಕದಿಯುತ್ತದೆ. ಪ್ರೇಕ್ಷಕರು ತಾವಾಗಿ ತಲುಪಬೇಕಿದ್ದ ಜಾಗಕ್ಕೆ ಅವರನ್ನು ನೂಕಿದರೆ ಉಳಿಯುವುದು ಬರೀ ಹೊಲಸು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಗೌಡನ ಚಿಂತೆ ನಿಜವಾದದ್ದು. ನವಲಗುಂದ, ರೋಣ, ಗಜೇಂದ್ರಗಡದ ಕಡೆಯಿಂದ ಬಂದ ಪ್ರೇಕ್ಷಕನಿಗೆ ಬೋರ್‌ವೆಲ್ ಬತ್ತುವುದು ತಮಾಷೆಯಲ್ಲ. ಸಾಲ ಮಾಡಿ ಕೊರೆಸಿದ್ದು, ಮಣ್ಣು ಬಂತು, ನೀರು ಬರಲಿಲ್ಲ. ಒಳ್ಳೆಯ ನಟ ಗೌಡನ ಪಾತ್ರ ಮಾಡಿದರೆ ಆ ಸಂಕಟ ಅವನ ದನಿಯಲ್ಲಿ ಇರುತ್ತದೆ. ದ್ವಂದ್ವಾರ್ಥ ನಿಲ್ಲುವುದು ಮೊದಲ ಅರ್ಥದ ಗಟ್ಟಿತನದ ಮೇಲೆ. ಗೌಡನಿಗೆ ನೀರು ನಿಜವಾಗಿ ಬೇಕಿದ್ದರೆ ಎರಡನೆಯ ಅರ್ಥ ತಾನಾಗಿ ಮೇಲೇಳುತ್ತದೆ, ಅದರ ಜೊತೆ ಮುಪ್ಪಿನ ದುಃಖವೂ ಏಳುತ್ತದೆ. ನಟನಿಗೆ ನೀರಿನ ಗರಜಿಲ್ಲದೆ ಪೋಲಿತನದ ಗರಜಷ್ಟೇ ಇದ್ದರೆ ಅಲ್ಲಿ ಎರಡು ಅರ್ಥ ಇಲ್ಲ, ಒಂದೇ ಇದೆ. ಕೆಟ್ಟ ಜಾತ್ರೆ ನಾಟಕದ ಮೇಲಿನ ನನ್ನ ದೂರು ಇದು. ಅದರಲ್ಲಿ ಅಶ್ಲೀಲ ಜಾಸ್ತಿ ಎಂದಲ್ಲ, ಅರ್ಥ ಕಡಿಮೆ ಎಂದು. ಈ ಅಳತೆಗೋಲು ಹಿಡಿದು ನೋಡಿದರೆ ಒಂದು ರಾತ್ರಿಯ ನಾಟಕದಲ್ಲಿ ಯಾವ ದೃಶ್ಯ ಗೆದ್ದಿತು, ಯಾವುದು ಸೋತಿತು ಎಂದು ಹೇಳಬಹುದು. ವಿಮರ್ಶೆ ಮಾಡಬೇಕಾದ ಕೆಲಸ ಅದೇ ಆಗಿತ್ತು.

ಧಾರವಾಡ ಅದನ್ನು ಮಾಡಲಿಲ್ಲ. ಶ್ರೀರಂಗರು ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ, ಕಂಪನಿಯ ಆಡಂಬರಕ್ಕೆ ಎದುರಾಗಿ ವಿಚಾರದ ನಾಟಕವನ್ನು ಕಟ್ಟಿದರು. ‘ಹರಿಜನ್ವಾರ’ದಿಂದ ‘ಕೇಳು ಜನಮೇಜಯ’ದವರೆಗೆ ಅವರ ದಾರಿ ನಮಗೆ ಬೇಕಾಗಿದ್ದ ದಾರಿ, ಅವರ ಸಿಟ್ಟಿಗೆ ಕಾರಣಗಳಿದ್ದವು. ಆದರೆ ಅವರ ನಂತರ ಬಂದವರು ಆ ಸಿಟ್ಟನ್ನು ಮಾತ್ರ ಆಸ್ತಿಯಾಗಿ ಪಡೆದರು. ನಾಟ್ಯಶಾಸ್ತ್ರವನ್ನು ಅನುವಾದಿಸಿದ ಶ್ರೀರಂಗರಿಗೆ ದಶರೂಪಕಗಳಲ್ಲಿ ಪ್ರಹಸನಕ್ಕೂ ಭಾಣಕ್ಕೂ ಇರುವ ಸ್ಥಾನ ಗೊತ್ತಿತ್ತು. ಏಳನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ ‘ಮತ್ತವಿಲಾಸ’ವನ್ನು ತರಗತಿಯಲ್ಲಿ ಅಡಿಟಿಪ್ಪಣಿ ಸಮೇತ ಪಾಠ ಮಾಡುವವರು, ‘ಚತುರ್ಭಾಣಿ’ಯ ವಿಟರ ಮಾತುಗಳನ್ನು ರಸಿಕತೆ ಎಂದು ವಿವರಿಸುವವರು, ಸಂಜೆ ಜಾತ್ರೆಯ ಜೀಪಿನ ಮೈಕು ಕೇಳಿ ಕಿಟಕಿ ಮುಚ್ಚುತ್ತಾರೆ. ಸಂಸ್ಕೃತದಲ್ಲಿ ಶೃಂಗಾರವಾದದ್ದು ಕನ್ನಡದಲ್ಲಿ, ಅದೂ ಟಿಕೆಟ್ ಕೊಂಡವರ ಮುಂದೆ, ಅಶ್ಲೀಲವಾಗುತ್ತದೆ. ಇದು ರುಚಿಯ ಪ್ರಶ್ನೆಯಲ್ಲ, ಯಾರು ನಗುತ್ತಾರೆ ಎಂಬ ಪ್ರಶ್ನೆ. ನಗುವವರು ಹಮಾಲರು, ರೈತರು, ಮೆಣಸಿನಕಾಯಿ ಮಾರಿ ಮನೆಗೆ ಹೊರಟವರು.

ಇನ್ನೊಂದು ಗುಂಪಿನ ಜೊತೆಗೂ ನನ್ನ ಜಗಳವಿದೆ. ಅವರು ಈ ಹಾಸ್ಯವನ್ನು ಪ್ರೀತಿಸುತ್ತಾರೆ, ಆದರೆ ಜಾನಪದ ಎಂಬ ಚೀಟಿ ಅಂಟಿಸಿದ ಮೇಲೆ ಮಾತ್ರ. ಹೋಳಿಯ ಹಾಡು, ಸಣ್ಣಾಟದ ಪೋಲಿ ಮಾತು, ಕಂಪನಿಯ ದ್ವಂದ್ವಾರ್ಥ ಎಲ್ಲ ಒಂದೇ ಬೇರಿನವು ಎಂದು ವಿಚಾರಸಂಕಿರಣಗಳಲ್ಲಿ ಹೇಳುತ್ತಾರೆ. ಹುಬ್ಬಳ್ಳಿಯ ಹೋಳಿ ನೋಡಿದವರಿಗೆ ವ್ಯತ್ಯಾಸ ಕಾಣಬೇಕು. ಕಾಮಣ್ಣನ ಮುಂದೆ ಹಲಗಿ ಬಡಿದು ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವಾಗ ಮಾತು ಬಿಚ್ಚಿಯೇ ಇರುತ್ತದೆ. ಅಲ್ಲಿ ಎರಡನೆಯ ಅರ್ಥದ ಗೊಡವೆಯಿಲ್ಲ, ಗಂಡಸರ ಗುಂಪು, ಬಯಲು. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ದಲ್ಲಿ ಪೋಲಿತನ ಕೊನೆಗೆ ಕೊಲೆಯ ಕಡೆ ಹೋಗುತ್ತದೆ; ಅದು ದುರಂತದ ಮೆಟ್ಟಿಲು. ಕಂಪನಿಯ ಹಾಸ್ಯ ಇವೆರಡರಿಂದಲೂ ಬೇರೆ. ಹೆಂಗಸರು ಮಕ್ಕಳು ಕೂತ, ಪೊಲೀಸರ ಪರವಾನಿಗೆ ಪಡೆದ, ಗೇಟಿನಲ್ಲಿ ಟಿಕೆಟ್ ಹರಿದ ಸಭೆಗಾಗಿ ಹುಟ್ಟಿದ್ದು ಅದು. ಮುಚ್ಚಿ ಹೇಳುವ ಕುಶಲತೆ ಬೆಳೆದದ್ದೇ ಆ ಸಭೆಯ ಸಲುವಾಗಿ. ಅದು ಪೇಟೆಯ ಕಲೆ, ಕಸುಬುದಾರರ ಕಲೆ. ಅದನ್ನು ಮಣ್ಣಿನ ವಾಸನೆ ಎಂದು ಹೊಗಳಿದರೆ ನಟರು ವರ್ಷಗಟ್ಟಲೆ ಕಲಿತದ್ದನ್ನು ಅಳಿಸಿದಂತೆ.

ಈ ಕುಶಲತೆ ಎಷ್ಟು ಕಷ್ಟದ್ದು ಎಂಬುದಕ್ಕೆ ನಮ್ಮ ಸೀಮೆಯವರೇ ತೆಗೆದ ಸಿನಿಮಾ ಸಾಕ್ಷಿಯಾಗಿದೆ. ಗಿರೀಶ ಕಾರ್ನಾಡರು ಶಿರಸಿಯ ಬಾಲ್ಯದಲ್ಲಿ ಕಂಪನಿ ನಾಟಕ ನೋಡಿ ಬೆಳೆದವರು. ಶಶಿ ಕಪೂರ್ ಹಣ ಹಾಕಿದ, ಕಾರ್ನಾಡರು ನಿರ್ದೇಶಿಸಿದ ‘ಉತ್ಸವ್’ 1984ರದು. ವಸಂತದ ಹಬ್ಬ, ಗಣಿಕೆಯರ ಕೇರಿ, ಕಳ್ಳ, ಬಡ ಬ್ರಾಹ್ಮಣ, ರಾಜನ ಮೈದುನ: ಹಬ್ಬದ ಪೋಲಿ ಹಾಸ್ಯಕ್ಕೆ ಇದಕ್ಕಿಂತ ಒಳ್ಳೆಯ ಬಳಗ ಸಿಗಲಾರದು. ರೇಖಾ, ಶೇಖರ್ ಸುಮನ್, ಕಳ್ಳನಾಗಿ ಶಂಕರನಾಗ್, ಸಂಸ್ಥಾನಕನಾಗಿ ಸ್ವತಃ ಶಶಿ ಕಪೂರ್. ಥಿಯೇಟರುಗಳಲ್ಲಿ ಸೋತ ಈ ಚಿತ್ರಕ್ಕೆ ನಂತರ ದೊಡ್ಡ ಹೆಸರು ಬಂತು. ಕಣ್ಣಿಗೆ ಅದು ಚಂದವೇ. ನಗುವಿಗೆ ಮಾತ್ರ ಬಡವಾಗಿದೆ.

ಕಾರಣ ಚಿತ್ರಕ್ಕೆ ಮೂಲವಾದ ಶೂದ್ರಕನ ಸಂಸ್ಕೃತ ನಾಟಕದಲ್ಲೇ ಇದೆ. ‘ಮೃಚ್ಛಕಟಿಕ’ದ ಮೊದಲ ಅಂಕದಲ್ಲಿ ರಾತ್ರಿಯ ಬೀದಿಯಲ್ಲಿ ವಸಂತಸೇನೆಯನ್ನು ಬೆನ್ನಟ್ಟುವವರು ಮೂವರು: ಶಕಾರ, ವಿಟ, ಚೇಟ. ಶಕಾರ, ಅಂದರೆ ಸಂಸ್ಥಾನಕ, ರಾಮಾಯಣ ಮಹಾಭಾರತಗಳನ್ನು ಕಲಸಿಬಿಡುವ ಮೂಢ. ತಾನೇನು ಹೇಳುತ್ತಿದ್ದೇನೆಂದು ಅವನಿಗೆ ತಿಳಿಯದು. ವಿಟನಿಗೆ ಎಲ್ಲ ತಿಳಿಯುತ್ತದೆ. ಚೇಟ ಆಳು. ತಿಳಿಯದವನು, ತಿಳಿದವನು, ನೋಡುವವನು, ಇವರ ನಡುವೆ ಒಬ್ಬ ಹೆಣ್ಣು. ನಮ್ಮ ಗೌಡ, ರಿಪೇರಿಯ ಹುಡುಗ, ಟವೆಲ್ಲಿನ ಆಳು ಇವರೇ. ಅದೂ ಬೀದಿಯ ದೃಶ್ಯವೇ. ಸಿನಿಮಾದಲ್ಲಿ ನೋಡುವವನ ಕೆಲಸವನ್ನು ಕಥೆಯ ಹೊರಗಿನಿಂದ ತಂದ ವಾತ್ಸ್ಯಾಯನನಿಗೆ ಒಪ್ಪಿಸಿದ್ದಾರೆ. ಅಮ್ಜದ್ ಖಾನ್ ಆಡಿದ ಈ ವಾತ್ಸ್ಯಾಯನ ಗಣಿಕೆಯರ ಮನೆಯಲ್ಲಿ ಇಣುಕಿ ತನ್ನ ಗ್ರಂಥಕ್ಕೆ ಸಾಮಗ್ರಿ ಕೂಡಿಸುತ್ತಾನೆ, ನೋಡಿದ್ದನ್ನು ನಮಗೆ ಹೇಳುತ್ತಾನೆ. ಆಳಿನ ನೋಟ ನಮ್ಮನ್ನು ಆಟದೊಳಗೆ ಕರೆದರೆ ಈ ಪಂಡಿತನ ನೋಟ ನಮ್ಮನ್ನು ಸುರಕ್ಷಿತವಾಗಿ ಹೊರಗೆ ನಿಲ್ಲಿಸುತ್ತದೆ. ಶೃಂಗಾರ ಅಧ್ಯಯನದ ವಸ್ತುವಾಗುತ್ತದೆ, ನಾಚಿಕೆಗೆ ವಿದ್ವತ್ತಿನ ಹೊದಿಕೆ ಸಿಗುತ್ತದೆ. ನಾಟಕಕಾರರಾಗಿ ಕಾರ್ನಾಡರ ಮೇಲೆ ನನಗಿರುವ ಗೌರವ ದೊಡ್ಡದು. ಆದರೂ ಹೇಳಲೇಬೇಕು: ಬನಶಂಕರಿಯ ತಗಡಿನ ಶೆಡ್ಡಿನಲ್ಲಿ ಶಾಲೆ ಮುಗಿಸದ ನಾಲ್ವರು ಹಿಡಿದ ಶೂದ್ರಕನ ಸೂತ್ರ ‘ಉತ್ಸವ್’ನ ಕೈಗೆ ಸಿಕ್ಕಿಲ್ಲ.

ಹಬ್ಬಕ್ಕೆ ಪೋಲಿ ಹಾಸ್ಯ ಬೇಕೆನ್ನುವುದು ನಮ್ಮ ಸೀಮೆಯ ಚಟವೇನೂ ಅಲ್ಲ. ಇಟಲಿಯಲ್ಲಿ ಕಾರ್ಲೊ ವಾಂಜಿನಾರ ‘ವಕಾಂಜೆ ದಿ ನತಾಲೆ’ 1983ರಲ್ಲಿ ಬಂದ ಮೇಲೆ ಕ್ರಿಸ್‌ಮಸ್ ಹೊತ್ತಿಗೆ ಇಂಥ ಬಳಗದ ಸಿನಿಮಾಗಳ ಒಂದು ಪರಂಪರೆಯೇ ಬೆಳೆಯಿತು. ಹಬ್ಬದ ಸಿಹಿ ರೊಟ್ಟಿ ಪಾನೆತ್ತೊನೆಯ ಹೆಸರು ಸೇರಿಸಿ ಅಲ್ಲಿನ ವಿಮರ್ಶಕರು ಅವಕ್ಕೆ ‘ಚಿನೆಪಾನೆತ್ತೊನೆ’ ಎಂದು ಹೀಯಾಳಿಕೆಯ ಹೆಸರಿಟ್ಟರು. ಕುಟುಂಬಗಳು ಹಬ್ಬದ ಊಟ ಮುಗಿಸಿ ಒಟ್ಟಿಗೆ ಹೋಗಿ ನಕ್ಕವು. 2003ರಲ್ಲಿ ‘ನತಾಲೆ ಇನ್ ಇಂಡಿಯಾ’ ಎಂದು ನಮ್ಮ ದೇಶದ ಹೆಸರಿನಲ್ಲೇ ಒಂದು ಬಂತು. ಅದರ ಜೋಡಿ ನಟರಲ್ಲಿ ಒಬ್ಬ ಕ್ರಿಸ್ತಿಯಾನ್ ದೆ ಸಿಕಾ. ‘ಬೈಸಿಕಲ್ ಥೀವ್ಸ್’ ತೆಗೆದ ವಿತ್ತೋರಿಯೊ ದೆ ಸಿಕಾರ ಮಗ. ನಮ್ಮ ಚಿತ್ರಸಮಾಜಗಳಲ್ಲಿ ಅಪ್ಪನ ಬಗ್ಗೆ ಎಷ್ಟೋ ಚರ್ಚೆ ನಡೆದಿದೆ, ಮಗನ ಹೆಸರು ಯಾರೂ ಎತ್ತುವುದಿಲ್ಲ. ಅಲ್ಲಿ ಕೊನೆಗೆ ಅಲನ್ ಓಲಿಯರಿ ಎಂಬ ವಿದ್ವಾಂಸ ಈ ಸಿನಿಮಾಗಳ ಮೇಲೆಯೇ ಗ್ರಂಥ ಬರೆದರು, 2013ರಲ್ಲಿ. ನಮ್ಮ ಜಾತ್ರೆಯ ಹಾಸ್ಯಕ್ಕೆ ಅಂಥ ಒಬ್ಬ ವಿದ್ವಾಂಸ ಇನ್ನೂ ಸಿಕ್ಕಿಲ್ಲ.

ಇದರ ವಿರುದ್ಧ ಹೇಳಬೇಕಾದ ಮಾತೂ ಒಂದಿದೆ, ಅದು ಸಣ್ಣದಲ್ಲ. ಈ ಹಾಸ್ಯದ ಬೆಲೆ ತೆತ್ತವಳು ಹಾಸ್ಯನಟಿ. ನಕ್ಕವರು ಸಾವಿರ ಜನ; ಮರುದಿನ ಬಾಡಿಗೆ ಮನೆ ಸಿಗದೆ ಅಲೆದವಳು, ಬಸ್ಸಿನಲ್ಲಿ ಕೆಟ್ಟ ಮಾತು ಕೇಳಿದವಳು ಅವಳೊಬ್ಬಳು. ದೃಶ್ಯದಲ್ಲಿ ಅತಿ ಕಠಿಣ ಕೆಲಸವೂ ಅವಳದೇ: ಎರಡೂ ಅರ್ಥ ತಿಳಿದು, ಎರಡನ್ನೂ ಆಡದೆ ಆಡುವುದು. ಸಿನಿಮಾದಲ್ಲಿ ಉಮಾಶ್ರೀಯವರಿಗೆ ಏನಾಯಿತೆಂದು ನೆನಪಿರಲಿ. ಕಾಶೀನಾಥರ ‘ಅನುಭವ’ದಿಂದ ಶುರುವಾಗಿ, ಎನ್.ಎಸ್. ರಾವ್ ಜೊತೆಗಿನ ಜೋಡಿ ಪಾತ್ರಗಳಲ್ಲಿ ಅವರು ಥಿಯೇಟರು ತುಂಬಿಸಿದಾಗ ಸಭ್ಯರು ಮೂಗು ಮುರಿದರು. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ ಅವರೇ ಮಹಾನ್ ನಟಿ ಎಂದರು. ಎರಡೂ ಕಡೆ ಇದ್ದದ್ದು ಒಬ್ಬಳೇ ನಟಿ, ಅದೇ ಸಮಯಪ್ರಜ್ಞೆ, ಅದೇ ಕಣ್ಣು. ಜಾತ್ರೆಯ ಹಾಸ್ಯನಟಿಯರಿಗೆ ಇಂಥ ಎರಡನೆಯ ಅವಕಾಶ ಬರಲಿಲ್ಲ. ನಾಟಕಗಳೂ ಹಾಸ್ಯನಟಿಯ ಪಾತ್ರವನ್ನು ಬರಬರುತ್ತ ತೆಳುವಾಗಿಸಿದವು, ಬರೀ ಗುರಿಯಾಗಿ ನಿಲ್ಲಿಸಿದವು. ಅವಳಿಗೆ ದೂರು ಹೇಳುವ ಹಕ್ಕು ಕಿತ್ತುಕೊಂಡ ದೃಶ್ಯಗಳನ್ನು ನಾನು ಸಮರ್ಥಿಸುವುದಿಲ್ಲ.

ಕಂಪನಿಗಳನ್ನು ಕೊಂದದ್ದು ದ್ವಂದ್ವಾರ್ಥ ಎಂಬ ಮಾತು ಧಾರವಾಡದಲ್ಲಿ ಗಾದೆಯಷ್ಟು ಹಳತಾಗಿದೆ. ನಾನು ಕಾಣುವುದು ಬೇರೆ. ಸಾಗಾಣಿಕೆ, ಜಾಗದ ಬಾಡಿಗೆ, ನಟರಿಗೆ ಕೊಡಬೇಕಾದ ಮುಂಗಡ ಇವೆಲ್ಲ ಏರಿದಾಗ ಮೊದಲು ಕತ್ತರಿ ಬಿದ್ದದ್ದು ಬಳಗಕ್ಕೆ. ನಾಲ್ವರಿದ್ದ ದೃಶ್ಯ ಇಬ್ಬರಿಗಿಳಿಯಿತು, ಆಮೇಲೆ ಮೈಕು ಹಿಡಿದ ಒಬ್ಬನಿಗೆ. ಮಾತಾಡದ ಆಳಿಗೆ ಸಂಬಳ ಯಾಕೆ ಎಂದು ಮೊದಲು ಬಿಟ್ಟದ್ದು ಟವೆಲ್ಲಿನವನನ್ನೇ. ಟೀವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಆ ಜಾಗಕ್ಕೆ ತೀರ್ಪುಗಾರರು ಬಂದು ಕೂತಿದ್ದಾರೆ. ಅವರು ನಕ್ಕಾಗ ನಾವು ನಗಬೇಕು. ರಾಜು ತಾಳಿಕೋಟೆಯವರನ್ನು ಯೋಗರಾಜ ಭಟ್ಟರು 2009ರ ‘ಮನಸಾರೆ’ಗೆ, ಮರುವರ್ಷ ‘ಪಂಚರಂಗಿ’ಗೆ ಕರೆದರು, ರಾಜ್ಯವೆಲ್ಲ ಅವರ ದನಿ ಗುರುತಿಸಿತು. ಅದು ಒಳ್ಳೆಯದೇ. ಆದರೆ ಚಲನಚಿತ್ರ ಅವರೊಬ್ಬರನ್ನು ಕರೆಯಿತು, ಅವರ ಎದುರಿಗೆ ನಿಲ್ಲುತ್ತಿದ್ದವರನ್ನು ಕರೆಯಲಿಲ್ಲ. ಕ್ಲೋಸಪ್ಪಿನಲ್ಲಿ ಅವರ ಮುಖ ಕಂಡಿತು, ಪಕ್ಕದವನ ಮುಖ ಚೌಕಟ್ಟಿನ ಹೊರಗೆ ಉಳಿಯಿತು. ಈ ಕಲೆಯಲ್ಲಿ ಅರ್ಧ ಇರುವುದು ಆ ಪಕ್ಕದವನಲ್ಲಿ.

ಧಾರವಾಡ ರಂಗಾಯಣಕ್ಕೆ, ಕರ್ನಾಟಕ ನಾಟಕ ಅಕಾಡೆಮಿಗೆ ನನ್ನ ಕೋರಿಕೆ ಒಂದೇ. ಹಳೆಯ ಹಾಸ್ಯ ನಟರಲ್ಲಿ ಬದುಕಿರುವವರನ್ನು ಕರೆದು ಸಂದರ್ಶನ ಮಾಡಿ, ಶಾಲು ಹೊದಿಸಿ ಕಳಿಸಬೇಡಿ. ಅವರ ಎದುರು ಪಾತ್ರಧಾರಿಗಳನ್ನೂ ಹಾಸ್ಯನಟಿಯರನ್ನೂ ಹಾರ್ಮೋನಿಯಂ ಮಾಸ್ತರರನ್ನೂ ಕೂಡಿಸಿ, ರಸ್ತೆ ಪರದೆ ಇಳಿಸಿ, ಟಿಕೆಟ್ ಕೊಂಡ ಜನರ ಮುಂದೆ ಪೂರ್ತಿ ದೃಶ್ಯಗಳನ್ನು ಆಡಿಸಿ ಚಿತ್ರೀಕರಿಸಿ. ಕ್ಯಾಮೆರಾ ಒಂದು ರಂಗದ ಕಡೆ ಇರಲಿ, ಇನ್ನೊಂದು ಜನರ ಕಡೆ. ಕತ್ತರಿ ಹಾಕಬೇಡಿ. ಹಾಸ್ಯನಟಿಗೆ ಉಳಿದವರಷ್ಟೇ ಸಂಭಾವನೆ ಕೊಡಿ. ಇನ್ನು ಓದುಗರಿಗೆ: ಬನಶಂಕರಿಯ ತೇರು ಪುಷ್ಯ ಹುಣ್ಣಿಮೆಗೆ. ನಾಟಕಗಳು ಅದರ ನಂತರವೂ ನಡೆಯುತ್ತವೆ. ಮನೆಯವರನ್ನೂ ಕರೆದುಕೊಂಡು ಹೋಗಿ, ಟಿಕೆಟ್ ತೆಗೆಸಿ, ನೋಡಿದ ಮೇಲೆ ಕೆಟ್ಟದ್ದು ಅನ್ನಿಸಿದರೆ ಕೆಟ್ಟದ್ದೆಂದೇ ಬರೆಯಿರಿ.